ವೈದ್ಯನಿಲ್ಲದ ಊರಿನಲ್ಲಿ ವೈದ್ಯಧರ್ಮ



ಬಲ್ಲವನು ಮಾಡಬೇಕು, ಬಾರದವನು ಕೈ ಹಚ್ಚಬಾರದು ಎಂಬುದು ಲೋಕದಲ್ಲಿ ಎಲ್ಲರೂ ಒಪ್ಪಿಕೊಂಡು ಬಂದಿರುವ ನೀತಿ. ಗೋಡೆ ಕಟ್ಟುವವನು ಗೌಂಡಿ, ನೇಗಿಲು ಮಾಡುವವನು ಬಡಿಗ, ರೋಗಕ್ಕೆ ಮದ್ದು ಕೊಡುವವನು ವೈದ್ಯ. ಕಾಯಕಗಳ ಈ ಹಂಚಿಕೆಯಲ್ಲಿ ಒಂದು ಶಿಸ್ತಿದೆ. ಸಮಾಜಕ್ಕೆ ಒಂದು ರಕ್ಷಣೆಯೂ ಇದೆ. ಆದರೆ ಬಲ್ಲವನು ಐವತ್ತು ಕಿಲೋಮೀಟರು ದೂರದಲ್ಲಿದ್ದು, ಕಣ್ಣೆದುರಿಗೆ ಒಂದು ಜೀವ ಆರುತ್ತಿರುವಾಗ, ಅಲ್ಲಿ ನಿಂತಿರುವ ಅರೆಬಲ್ಲವರ ಧರ್ಮವೇನು? ಕೈ ಹಚ್ಚುವುದು ಧರ್ಮವೋ, ಕೈಕಟ್ಟಿ ನಿಲ್ಲುವುದು ಧರ್ಮವೋ? ಕೈ ಹಚ್ಚಿದ ಮೇಲೆ ಜೀವ ಹೋದರೆ ಆ ಪಾಪ ಯಾರದು? ಕೈಕಟ್ಟಿ ನಿಂತಾಗ ಜೀವ ಹೋದರೆ ಅದು ಯಾರದು? ಈ ತಿಂಗಳು ನಿಮ್ಮೊಡನೆ ಈ ಪ್ರಶ್ನೆಯನ್ನು ವಿಚಾರಿಸಬೇಕೆಂದಿದ್ದೇವೆ.

ಇದು ತರ್ಕಶಾಸ್ತ್ರದ ಗ್ರಂಥದಿಂದ ಎತ್ತಿಕೊಂಡ ಪ್ರಶ್ನೆಯಲ್ಲ. ನಮ್ಮ ಜೀವಮಾನದಲ್ಲಿಯೇ ನಮ್ಮನ್ನು ಬಹುಕಾಲ ನೋಯಿಸಿದ ಪ್ರಶ್ನೆ. ಈಗ್ಗೆ ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಅಧ್ಯಯನವನ್ನು ಮುಗಿಸಿ ಬಂದಿದ್ದ ನಮಗೆ ಹಿರಿಯ ಗುರುಗಳು ಕಂಪ್ಲಿ ಸೀಮೆಯ ನದೀತೀರದ ಹಳ್ಳಿಯೊಂದರ ಪ್ರಸಾದನಿಲಯದ ಉಸ್ತುವಾರಿಯನ್ನು ಒಪ್ಪಿಸಿದ್ದರು. ಅದು ಶ್ರಾವಣದ ಮಳೆಗಾಲ. ಸುತ್ತಲೂ ಭತ್ತದ ಗದ್ದೆಗಳಲ್ಲಿ ನಾಟಿ ಮುಗಿದಿತ್ತು. ಮಕ್ಕಳೆಲ್ಲ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಒಂದು ನಡುರಾತ್ರಿ ಹತ್ತು ವರ್ಷದ ಬಾಲಕನೊಬ್ಬನು ಹೊಟ್ಟೆನೋವೆಂದು ಅಳುತ್ತ ಎದ್ದನು. ಓಮಿನ ಕಾಳು ಕೊಟ್ಟೆವು, ಬಿಸಿನೀರು ಕುಡಿಸಿದೆವು. ಬೆಳಗಿನ ಜಾವಕ್ಕೆ ಅವನ ಕಣ್ಣರೆಪ್ಪೆಗಳು ತಾವಾಗಿಯೇ ಮುಚ್ಚಿಕೊಳ್ಳತೊಡಗಿದವು, ಮಾತು ತೊದಲಿತು. ಮೈಮೇಲೆ ಗಾಯವಿಲ್ಲ, ರಕ್ತವಿಲ್ಲ, ಬಾವಿಲ್ಲ.

ಅವನನ್ನು ಹೆಗಲ ಮೇಲೆ ಹೊತ್ತು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಒಯ್ದೆವು. ವೈದ್ಯರು ಅಂದು ಊರಿನಲ್ಲಿರಲಿಲ್ಲ. ಊರವರೆಲ್ಲ ನರ್ಸಮ್ಮ ಎಂದು ಕರೆಯುತ್ತಿದ್ದ ಶುಶ್ರೂಷಕಿಯೊಬ್ಬರೇ ಇದ್ದರು. ಆಕೆ ಬಾಲಕನ ಗಲ್ಲ ಹಿಡಿದು ರೆಪ್ಪೆಗಳನ್ನು ನೋಡಿ, "ಅಪ್ಪಾರೆ, ಇದು ಕಟ್ಟುಹಾವು ಕಡಿದಿದ್ದು ಕಾಣತೈತಿ. ಅದರ ಹಲ್ಲಿನ ಗುರುತು ಕಾಣಂಗಿಲ್ಲ. ವಿಷಕ್ಕೆ ಹಾಕೋ ಔಷಧಿ ನಮ್ಮ ಕಪಾಟಿನಾಗ ಐತಿ. ಆದರ ನಾನು ಹಾಕಂಗಿಲ್ಲ, ನನಗ ಅಧಿಕಾರ ಇಲ್ಲ. ನೀವು ಧೈರ್ಯ ಕೊಟ್ಟರ ಹಾಕತೀನಿ" ಎಂದರು. ನಾವು ಒಂದು ಕ್ಷಣವೂ ವಿಚಾರ ಮಾಡಲಿಲ್ಲ. "ಬೇಡ ತಾಯಿ, ನೀವು ಡಾಕ್ಟರಲ್ಲ. ಬಳ್ಳಾರಿಗೆ ಒಯ್ಯುತ್ತೇವೆ" ಎಂದು ಜೀಪು ಹತ್ತಿಸಿದೆವು. ಕುರುಗೋಡನ್ನು ದಾಟಿದ ಮೇಲೆ ಬಾಲಕನ ಉಸಿರು ನಿಂತಿತು. ಅವನ ತಲೆ ನಮ್ಮ ತೊಡೆಯ ಮೇಲಿತ್ತು.

ಬಳ್ಳಾರಿಯ ಹಿರಿಯ ವೈದ್ಯರೊಬ್ಬರು ಅಂದು ನಮಗೆ ಹೇಳಿದ ಮಾತು ಇಂದಿಗೂ ನೆನಪಿದೆ. ಕಟ್ಟುಹಾವಿನ ವಿಷವು ನರಗಳ ತುದಿಯನ್ನು ಹಿಡಿಯುತ್ತದೆ. ಉಸಿರಾಡುವ ಸ್ನಾಯುಗಳು ಸೋತು ನಿಲ್ಲುತ್ತವೆ. ಹೃದಯವಾದರೋ ಇನ್ನೂ ಮಿಡಿಯುತ್ತಿರುತ್ತದೆ. ಪ್ರತಿವಿಷವನ್ನು ಬೇಗ ಕೊಟ್ಟಷ್ಟೂ ಲಾಭ; ತಡವಾದರೆ ಅದು ಸಹ ಸಾಲದು. ಆದರೆ ಯಾರಾದರೂ ಬಲೂನಿನಂತಹ ಚೀಲವನ್ನು ಕೈಯಿಂದ ಒತ್ತುತ್ತ ಮೂಗು ಬಾಯಿಗೆ ಗಾಳಿಯನ್ನು ತುಂಬುತ್ತ ಬಂದಿದ್ದರೆ ಬಾಲಕನು ಆಸ್ಪತ್ರೆಯ ಬಾಗಿಲನ್ನು ಜೀವಸಹಿತ ಮುಟ್ಟುತ್ತಿದ್ದನೆಂದು ಅವರು ಹೇಳಿದರು. ಆ ಚೀಲವನ್ನು ಒತ್ತುವ ಕೆಲಸಕ್ಕೆ ವೈದ್ಯಪದವಿ ಬೇಕಾಗಿರಲಿಲ್ಲ. ಕಲಿತ ಒಂದು ಜೊತೆ ಕೈಗಳು ಬೇಕಾಗಿದ್ದವು. ನರ್ಸಮ್ಮನನ್ನು ನಾವು ಜೀಪಿನಲ್ಲಿ ಕೂರಿಸಿಕೊಂಡು ಹೋಗಲಿಲ್ಲ.

ನರ್ಸಮ್ಮ ಔಷಧಿಯನ್ನು ಹಾಕಿದ್ದರೂ ಬಾಲಕನು ಬದುಕುತ್ತಿದ್ದನೆಂದು ಖಂಡಿತವಾಗಿ ಹೇಳಲು ಬರುವುದಿಲ್ಲ. ಆದರೆ ನಮ್ಮ ತಪ್ಪು ಫಲದಲ್ಲಿಲ್ಲ, ನಿರ್ಣಯದಲ್ಲಿದೆ. ರೋಗವನ್ನು ಗುರುತಿಸಿದವರು ಆಕೆಯೊಬ್ಬರೇ. ನಾವು ಆಕೆಯ ಅರಿವನ್ನು ನೋಡಲಿಲ್ಲ, ಆಕೆಯ ಹೆಸರಿನ ಮುಂದೆ ಇಲ್ಲದ ಪದವಿಯನ್ನು ನೋಡಿದೆವು. ಕುಲವನ್ನು ನೋಡಿ ಗುಣವನ್ನು ಅಳೆಯಬಾರದೆಂದು ದಿನವೂ ಪ್ರವಚನದಲ್ಲಿ ಹೇಳುತ್ತಿದ್ದ ಬಾಯಿಯಿಂದಲೇ ಆ ಮಾತು ಬಂದಿತೆಂಬುದು ನಮ್ಮ ಸಂಕಟ.

ಆದರೂ ಆ ದಿನದ ನಮ್ಮ ಹಿಂಜರಿಕೆಯಲ್ಲಿ ಅರ್ಥವೇ ಇರಲಿಲ್ಲವೆಂದು ಹೇಳಿಬಿಟ್ಟರೆ ಅದೂ ಅನ್ಯಾಯವಾದೀತು. ಅರೆವಿದ್ಯೆಯ ವೈದ್ಯನಿಗೆ ಹೆದರಬೇಕೆಂದು ನಮ್ಮ ಪೂರ್ವಿಕರೇ ಎಚ್ಚರಿಸಿದ್ದಾರೆ. ಚರಕಸಂಹಿತೆಯು ವೈದ್ಯರಲ್ಲಿ ಮೂರು ಬಗೆಯನ್ನು ಹೇಳುತ್ತದೆ. ವೈದ್ಯನ ವೇಷವನ್ನಷ್ಟೇ ತೊಟ್ಟವನು ಒಬ್ಬ, ಹೆಸರಾದ ವೈದ್ಯರ ನಂಟನ್ನು ಹೇಳಿಕೊಂಡು ಬದುಕುವವನು ಇನ್ನೊಬ್ಬ, ನಿಜವಾದ ಗುಣವುಳ್ಳವನು ಮೂರನೆಯವನು. ಶಾಸ್ತ್ರವನ್ನು ಮಾತ್ರ ಬಲ್ಲವನೂ ಕೈಕೆಲಸವನ್ನು ಮಾತ್ರ ಬಲ್ಲವನೂ ಒಂದೇ ರೆಕ್ಕೆಯ ಹಕ್ಕಿಯಂತೆ ಎಂದು ಸುಶ್ರುತನು ಹೇಳುತ್ತಾನೆ. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಗಳಲ್ಲಿ ಆರ್.ಎಂ.ಪಿ. ಡಾಕ್ಟರು ಎಂದು ಕರೆಯಿಸಿಕೊಳ್ಳುವವರನ್ನು ನೀವೆಲ್ಲ ಬಲ್ಲಿರಿ. ಜ್ವರಕ್ಕೂ ಸೂಜಿ, ಮೈಕೈ ನೋವಿಗೂ ಸೂಜಿ, ಸುಸ್ತಿಗೆ ಗ್ಲೂಕೋಸು. ಅವರಲ್ಲಿ ಕರುಣೆಯುಳ್ಳವರು ಇಲ್ಲವೆಂದಲ್ಲ. ನಡುರಾತ್ರಿ ಕರೆದರೆ ಬರುವವರು ಅನೇಕ ಹಳ್ಳಿಗಳಲ್ಲಿ ಅವರೊಬ್ಬರೇ ಆಗಿದ್ದಾರೆ. ಆದರೆ ತಮಗೆ ಏನು ತಿಳಿಯದೆಂಬುದು ಅವರಿಗೆ ತಿಳಿಯದು. ಅಪಾಯವಿರುವುದು ಅಲ್ಲಿ.

ಹಾಗಾದರೆ ವೇಷಧಾರಿಗೂ ಆ ನರ್ಸಮ್ಮನಿಗೂ ಏನು ಭೇದ? ಇಬ್ಬರೂ ವೈದ್ಯಪದವೀಧರರಲ್ಲ. ಆದರೆ ಒಬ್ಬನು ತನ್ನ ಅರಿವಿನ ಗಡಿಯನ್ನು ಮರೆಮಾಚುತ್ತಾನೆ. ಇನ್ನೊಬ್ಬರು ಅದನ್ನು ತಾವಾಗಿಯೇ ಹೇಳುತ್ತಾರೆ. "ಇಷ್ಟು ನಾನು ಬಲ್ಲೆ, ಇದರಾಚೆಗೆ ನಾನು ಅರಿಯೆ" ಎಂಬ ಮಾತನ್ನು ಯಾವ ಬಾಯಿ ಆಡಬಲ್ಲುದೋ ಆ ಕೈಯನ್ನು ನಂಬಬಹುದು. ಮಹಾಪಂಡಿತನಾದ ವೈದ್ಯನಿಗೂ ಈ ಗಡಿ ಇದ್ದೇ ಇದೆ. ಅವನ ಗಡಿ ದೂರದಲ್ಲಿದೆ, ನರ್ಸಮ್ಮನದು ಹತ್ತಿರದಲ್ಲಿದೆ ಎಂಬುದಷ್ಟೇ ವ್ಯತ್ಯಾಸ.

ಒಂದು ದೃಷ್ಟಾಂತವನ್ನು ನೋಡಿರಿ. ಹಾವು ಕಡಿದವರ ರಕ್ತಕ್ಕೆ ವಿಷ ಏರಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯುಂಟು. ಹೊಸದಾದ, ಸ್ವಚ್ಛವಾದ, ಒಣಗಿದ ಗಾಜಿನ ನಳಿಗೆಯಲ್ಲಿ ರೋಗಿಯ 2 ಮಿಲಿಲೀಟರು ರಕ್ತವನ್ನು ತೆಗೆದುಕೊಂಡು ಅಲುಗಾಡಿಸದೆ 20 ನಿಮಿಷ ಇಡಬೇಕು. ಆಮೇಲೆ ನಳಿಗೆಯನ್ನು ಬಗ್ಗಿಸಿದಾಗ ರಕ್ತವು ಹೆಪ್ಪುಗಟ್ಟದೆ ಹರಿದರೆ, ಕೊಳಕುಮಂಡಲದಂತಹ ಹಾವಿನ ವಿಷವು ರಕ್ತದಲ್ಲಿ ಸೇರಿದೆಯೆಂದು ಅರ್ಥ. ಕಟ್ಟುಹಾವಿನ ವಿಷಕ್ಕೆ ಈ ಪರೀಕ್ಷೆ ಒದಗದು. ಅಲ್ಲಿ ಕಣ್ಣರೆಪ್ಪೆಯೇ ಸಾಕ್ಷಿ. ಈ ಪರೀಕ್ಷೆಗೆ ದೊಡ್ಡ ಯಂತ್ರ ಬೇಡ, ಪದವಿಯೂ ಬೇಡ. ಆದರೆ ತೊಳೆದ ಹಳೆಯ ನಳಿಗೆಯನ್ನು ಬಳಸಬಾರದು, ಹತ್ತು ನಿಮಿಷಕ್ಕೇ ಬಗ್ಗಿಸಿ ನೋಡಬಾರದು. ವಿಷ ಏರಿದ್ದು ಖಚಿತವಾದರೆ ಪ್ರತಿವಿಷದ 10 ಸೀಸೆಗಳಿಂದ ಆರಂಭಿಸುತ್ತಾರೆ. ಅದು ಕುದುರೆಯ ರಕ್ತದಿಂದ ತಯಾರಾದುದರಿಂದ ಕೆಲವರ ದೇಹ ಅದನ್ನು ಸಹಿಸದೆ ರಕ್ತದೊತ್ತಡ ಕುಸಿಯುವುದುಂಟು. ಆದುದರಿಂದ ಅಡ್ರಿನಲಿನ್ ಸೂಜಿಯನ್ನು ಮೊದಲೇ ತುಂಬಿ ಪಕ್ಕದಲ್ಲಿ ಇಟ್ಟುಕೊಂಡಿರಬೇಕು. ಇಲ್ಲಿ ಬೇಕಾದುದು ವಿಸ್ತಾರವಾದ ಪಾಂಡಿತ್ಯಕ್ಕಿಂತ ಹೆಚ್ಚಾಗಿ ನಿಷ್ಠೆ. ಇಂತಹ ನಿಷ್ಠೆಯನ್ನು ಕಲಿಸಬಹುದು, ಕಲಿಯಬಹುದು.

ಇದು ಅಲ್ಪಜನರ ಸಂಕಟವೂ ಅಲ್ಲ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹಾವು ಕಡಿದು ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಜನ, ಮರಣ ಹೊಂದಿರಬೇಕೆಂದು ಒಂದು ದೊಡ್ಡ ಅಧ್ಯಯನವು ಅಂದಾಜು ಮಾಡಿದೆ. ಅವರಲ್ಲಿ ಬಹುಪಾಲು ಹಳ್ಳಿಯವರು. ಅರ್ಧದಷ್ಟು ಸಾವು ಮಳೆಗಾಲದಲ್ಲಿ. ನಮ್ಮ ಕರ್ನಾಟಕವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಸರಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಹಾವಿನ ಜೊತೆಗೆ ಹೆರಿಗೆಯ ರಕ್ತಸ್ರಾವ, ಕೀಟನಾಶಕದ ಸೇವನೆ, ಎದೆನೋವು, ಸಂಡೂರಿನ ಗಣಿ ರಸ್ತೆಗಳ ಅಪಘಾತ ಇವುಗಳನ್ನು ಕೂಡಿಸಿಕೊಳ್ಳಿರಿ. ಇವೆಲ್ಲವುಗಳಲ್ಲಿಯೂ ಮೊದಲ ಒಂದೆರಡು ತಾಸುಗಳೇ ಜೀವನ್ಮರಣಗಳನ್ನು ನಿರ್ಣಯಿಸುತ್ತವೆ. ಆ ಮೊದಲ ತಾಸಿನಲ್ಲಿ ಹಳ್ಳಿಯಲ್ಲಿರುವವರು ಯಾರು? ಬಹುಸಾರಿ ಒಬ್ಬ ಶುಶ್ರೂಷಕಿ, ಇಲ್ಲವೆ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ಇಲ್ಲವೆ 108 ವಾಹನದ ತಂತ್ರಜ್ಞ.

ನಮ್ಮ ಹಿರಿಯರು ಇಂತಹ ಸಂದರ್ಭಕ್ಕೆ ಆಪದ್ಧರ್ಮವೆಂಬ ಮಾತನ್ನು ಬಳಸಿದ್ದಾರೆ. ಮಹಾಭಾರತದ ಶಾಂತಿಪರ್ವದಲ್ಲಿ ಅದಕ್ಕೊಂದು ಪ್ರತ್ಯೇಕ ಭಾಗವೇ ಇದೆ. ಸಾಮಾನ್ಯ ಕಾಲದಲ್ಲಿ ಸಲ್ಲದುದು ಆಪತ್ಕಾಲದಲ್ಲಿ ಸಲ್ಲುತ್ತದೆ. ಅಷ್ಟೇ ಅಲ್ಲ, ಕೆಲವೊಮ್ಮೆ ಅದನ್ನು ಮಾಡದಿರುವುದೇ ದೋಷವಾಗುತ್ತದೆ. ಆಧುನಿಕ ನ್ಯಾಯವೂ ಇದೇ ದಿಕ್ಕಿನಲ್ಲಿ ನಡೆದಿದೆ. ಅಪಘಾತದ ಗಾಯಾಳುವಿನ ವಿಷಯದಲ್ಲಿ ಕಾಗದಪತ್ರಗಳ ಕ್ರಮಕ್ಕಿಂತ ಜೀವರಕ್ಷಣೆಯೇ ಮೊದಲೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ತೀರ್ಪಿತ್ತಿತು. ಆದುದರಿಂದ ನಮ್ಮ ಮೊದಲ ಪ್ರಶ್ನೆಗೆ ಉತ್ತರ ಸ್ಪಷ್ಟವಿದೆ: ಬಲ್ಲವನು ದೂರದಲ್ಲಿದ್ದಾಗ, ಅಲ್ಲಿರುವವರು ತಮಗೆ ಕಲಿಸಿದಷ್ಟನ್ನು ಧೈರ್ಯವಾಗಿ ಮಾಡುವುದೇ ಧರ್ಮ. ಕೈಕಟ್ಟಿ ನಿಲ್ಲುವುದು ವಿನಯವಲ್ಲ.

ಆದರೆ ವಿಚಾರವಂತರಾದ ವಾಚಕರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು, ಎತ್ತಲೇಬೇಕು. "ಬುದ್ಧೀ, ಪಟ್ಟಣದವನಿಗೆ ಪೂರ್ಣ ವೈದ್ಯ, ಹಳ್ಳಿಯವನಿಗೆ ಅರೆವೈದ್ಯ ಎಂದಾಯಿತಲ್ಲ! ಹಳ್ಳಿಯವನ ಪ್ರಾಣಕ್ಕೆ ಬೆಲೆ ಕಡಮೆಯೆ? ಆಪದ್ಧರ್ಮದ ಹೆಸರಿನಲ್ಲಿ ನೀವು ಹೊಸದೊಂದು ವರ್ಣಭೇದವನ್ನು ಸ್ಥಾಪಿಸುತ್ತಿಲ್ಲವೆ?" ಎಂದು. ಇದು ಹಗುರವಾದ ಆಕ್ಷೇಪವಲ್ಲ. ನಮ್ಮ ದೇಶದ ಕಳೆದ ಎಂಬತ್ತು ವರ್ಷಗಳ ವೈದ್ಯಕೀಯ ಇತಿಹಾಸವೆಲ್ಲ ಈ ಪ್ರಶ್ನೆಯ ಸುತ್ತಲೇ ಸುತ್ತಿದೆ.

ನಿಮ್ಮ ತಾತಂದಿರ ಕಾಲದಲ್ಲಿ ಊರಿಗೆ ಬರುತ್ತಿದ್ದ ಡಾಕ್ಟರ ಹೆಸರಿನ ಮುಂದೆ ಎಲ್.ಎಂ.ಪಿ. ಎಂಬ ಅಕ್ಷರಗಳಿರುತ್ತಿದ್ದವು. ಅವರದು ಪೂರ್ಣ ಪದವಿಯಲ್ಲ, ಅದಕ್ಕಿಂತ ಚಿಕ್ಕದಾದ ಶಿಕ್ಷಣ. 1940ರ ದಶಕದಲ್ಲಿ ದೇಶದಲ್ಲಿ ನೋಂದಾಯಿತರಾಗಿದ್ದ ಸುಮಾರು 47 ಸಾವಿರ ವೈದ್ಯರಲ್ಲಿ 30 ಸಾವಿರದಷ್ಟು ಮಂದಿ ಇಂತಹವರೇ ಆಗಿದ್ದರು. 1946ರಲ್ಲಿ ಭೋರ್ ಸಮಿತಿಯು, ದೇಶಕ್ಕೆಲ್ಲ ಒಂದೇ ಮಟ್ಟದ ವೈದ್ಯನಿರಬೇಕು, ಎರಡು ತರಗತಿ ಕೂಡದು ಎಂದು ಹೇಳಿತು. ಸಮಿತಿಯ ಕೆಲವು ಸದಸ್ಯರು ಭಿನ್ನಾಭಿಪ್ರಾಯವನ್ನು ಬರೆದರು. ಸ್ವಾತಂತ್ರ್ಯಾನಂತರ ಆ ಚಿಕ್ಕ ಶಿಕ್ಷಣವು ನಿಂತುಹೋಯಿತು. ಸಮಾನತೆಯ ಆದರ್ಶದಿಂದ ಮಾಡಿದ ಕೆಲಸವದು, ಅದನ್ನು ಹಳಿಯುವಂತಿಲ್ಲ. 1961ರಲ್ಲಿ ಬಳ್ಳಾರಿಯಲ್ಲಿಯೇ ವೈದ್ಯಕೀಯ ಕಾಲೇಜು ಸ್ಥಾಪನೆಯಾಯಿತು. ಅಲ್ಲಿ ಕಲಿತ ಸಾವಿರಾರು ವೈದ್ಯರು ದೇಶವಿದೇಶಗಳಲ್ಲಿ ಕೀರ್ತಿ ಪಡೆದಿದ್ದಾರೆ. ಅವರಲ್ಲಿ ನಮ್ಮ ಮಠದ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಆದರೆ ಪೂರ್ಣ ವೈದ್ಯನು ಹಳ್ಳಿಗೆ ಬರುವನೆಂದು ಕಾದದ್ದೇ ಬಂತು. ಆ ತೆರಪಿನಲ್ಲಿ ವೇಷಧಾರಿಯು ಬಂದು ಕುಳಿತನು. ಅರೆವೈದ್ಯನು ಬೇಡವೆಂದು ಬಾಗಿಲು ಹಾಕಿದ ಮನೆಗೆ ವೈದ್ಯನೇ ಅಲ್ಲದವನು ಹಿತ್ತಲಿನಿಂದ ಬಂದಂತಾಯಿತು.

ಇತರ ದೇಶಗಳು ಇದೇ ಕಷ್ಟವನ್ನು ಹೇಗೆ ಎದುರಿಸಿದವೆಂಬುದನ್ನೂ ನೋಡೋಣ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ಯೂಜೀನ್ ಸ್ಟೆಡ್ ಎಂಬ ವೈದ್ಯಗುರುವು ನೌಕಾಪಡೆಯಲ್ಲಿ ಗಾಯಾಳುಗಳ ಸೇವೆ ಮಾಡಿ ಬಂದಿದ್ದ ನಾಲ್ವರನ್ನು ಸೇರಿಸಿಕೊಂಡು ವೈದ್ಯ ಸಹಾಯಕರೆಂಬ ಹೊಸ ಶಿಕ್ಷಣವನ್ನು ಆರಂಭಿಸಿದನು. 1967ರಲ್ಲಿ ಮೂವರು ಉತ್ತೀರ್ಣರಾದರು. ಇಂದು ಆ ದೇಶದ ದೂರದ ಊರುಗಳಲ್ಲಿ ರಾತ್ರಿಯ ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಒಬ್ಬ ವೈದ್ಯ ಸಹಾಯಕನೇ ನಿಂತಿರುವುದುಂಟು. ಮೇಲಿನ ವೈದ್ಯನು ದೂರವಾಣಿಯಲ್ಲಿರುತ್ತಾನೆ. ಹಿಮದಿಂದ ಆವೃತವಾದ ಅಲಾಸ್ಕಾದಲ್ಲಿಯಂತೂ ರಸ್ತೆಯೇ ಇಲ್ಲದ ಊರುಗಳಿವೆ. ಅಲ್ಲಿ 1968ರಿಂದ ಸರಕಾರದ ಹಣದಿಂದ, ಊರವರಲ್ಲಿಯೇ ಒಬ್ಬರನ್ನು ಆರಿಸಿ ಆರೋಗ್ಯ ಸಹಾಯಕರನ್ನಾಗಿ ಸಿದ್ಧಗೊಳಿಸುತ್ತ ಬಂದಿದ್ದಾರೆ. ಅವರ ಕೈಯಲ್ಲಿ ಯಾವ ಲಕ್ಷಣಕ್ಕೆ ಏನು ಮಾಡಬೇಕೆಂದು ತಿಳಿಸುವ ಒಂದು ಕೈಪಿಡಿ. ಇನ್ನೊಂದು ತುದಿಯಲ್ಲಿ, ಮೊದಮೊದಲು ರೇಡಿಯೋದಲ್ಲಿ, ಆಮೇಲೆ ದೂರವಾಣಿಯಲ್ಲಿ, ಮಾತಾಡುವ ವೈದ್ಯ. ಅವರು ಊರಿನಲ್ಲಿ ಒಬ್ಬರೇ ಇದ್ದರೂ ಒಂಟಿಯಲ್ಲ.

ನಮ್ಮ ದೇಶದಲ್ಲಿಯೂ ಪ್ರಯತ್ನಗಳಾಗಿವೆ. ಛತ್ತೀಸಗಢವು 2001ರಲ್ಲಿ ಮೂರು ವರ್ಷಗಳ ಶಿಕ್ಷಣವನ್ನು ಆರಂಭಿಸಿತು. ವಿರೋಧದಿಂದಾಗಿ ಅದು ಕೆಲವೇ ವರ್ಷಗಳಲ್ಲಿ ನಿಂತರೂ, ಕಲಿತವರು ಗ್ರಾಮೀಣ ವೈದ್ಯ ಸಹಾಯಕರಾಗಿ ಕಾಡಿನ ಹಳ್ಳಿಗಳಲ್ಲಿ ನೇಮಕವಾದರು. ಸಾಮಾನ್ಯ ಕಾಯಿಲೆಗಳ ಚಿಕಿತ್ಸೆಯಲ್ಲಿ ಅವರು ಪದವೀಧರ ವೈದ್ಯರಿಗೆ ಸರಿಸಮಾನರಾಗಿದ್ದರೆಂದು ಆಮೇಲೆ ನಡೆದ ಅಧ್ಯಯನವು ಕಂಡುಕೊಂಡಿತು. ಅಸ್ಸಾಮಿನ ಇಂತಹುದೇ ಕಾಯಿದೆಯನ್ನು 2023ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಊರ್ಜಿತವಲ್ಲವೆಂದಿತು; ವೈದ್ಯಶಿಕ್ಷಣದ ಮಟ್ಟವನ್ನು ನಿರ್ಣಯಿಸುವ ಅಧಿಕಾರವು ಕೇಂದ್ರದ್ದೆಂಬುದು ಅದರ ಕಾರಣ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯ 32ನೆಯ ಪ್ರಕರಣವು ಸಮುದಾಯ ಆರೋಗ್ಯ ಸೇವಾದಾತರಿಗೆ ಮಿತವಾದ ಪರವಾನಗಿಯನ್ನು ಕೊಡಬಹುದೆಂದು ಹೇಳಿತು. ಪ್ರಾಥಮಿಕ ಮತ್ತು ರೋಗ ತಡೆಗಟ್ಟುವ ಸೇವೆಯಲ್ಲಿ ಗೊತ್ತುಪಡಿಸಿದ ಔಷಧಿಗಳನ್ನು ಸ್ವತಂತ್ರವಾಗಿ, ಉಳಿದುದನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಕೊಡಬಹುದೆಂಬುದು ಅದರ ತಾತ್ಪರ್ಯ. ಆಗ ದೇಶದ ವೈದ್ಯರು ಮುಷ್ಕರ ಹೂಡಿದುದನ್ನು ನೀವು ಬಲ್ಲಿರಿ. ಅವರ ಕಳವಳವು ಕೇವಲ ಸ್ವಾರ್ಥವೆಂದು ತಳ್ಳಿಹಾಕುವುದು ಸಾಧುವಲ್ಲ. ಮೇಲೆ ಹೇಳಿದ ಆಕ್ಷೇಪವೇ ಅವರ ಬಾಯಲ್ಲಿಯೂ ಇತ್ತು.

ಈ ಆಕ್ಷೇಪಕ್ಕೆ ನಮ್ಮ ಸಮಾಧಾನವಿಷ್ಟೆ. ಆಪದ್ಧರ್ಮವು ಆಪತ್ತಿನಲ್ಲಿ ನಿಂತವರಿಗೆ ಧರ್ಮ. ಆಪತ್ತನ್ನು ನಿತ್ಯವಾಗಿಸಿ ತಾನು ದೂರ ನಿಂತವರಿಗೆ ಅದು ಧರ್ಮವಲ್ಲ. ನಡುರಾತ್ರಿ ಸೂಜಿ ಹಿಡಿದ ನರ್ಸಮ್ಮ ತನ್ನ ಪಾಲಿನದನ್ನು ಮಾಡಿದರು. ಆಕೆಯನ್ನು ಅಲ್ಲಿ ನಿಲ್ಲಿಸಿ, ಔಷಧಿಯನ್ನು ಕಪಾಟಿನಲ್ಲಿಟ್ಟು, ಅಧಿಕಾರವನ್ನು ಕೊಡದೆ, ಕೇಳಲೊಂದು ದೂರವಾಣಿಯನ್ನೂ ಕೊಡದೆ ಹೋದ ಸಮಾಜವು ತನ್ನ ಪಾಲಿನದನ್ನು ಮಾಡಲಿಲ್ಲ. ಸಹಾಯಕರನ್ನು ಹಳ್ಳಿಗೆ ಕಳಿಸುವುದು ಅನ್ಯಾಯವಲ್ಲ. ಅವರನ್ನು ಕಳಿಸಿದ ಮೇಲೆ ವೈದ್ಯನನ್ನು ಕಳಿಸುವ ಹೊಣೆ ತೀರಿತೆಂದು ಕೈತೊಳೆದುಕೊಳ್ಳುವುದು ಅನ್ಯಾಯ. ಇವೆರಡನ್ನೂ ಕಲಸಿಬಿಟ್ಟುದರಿಂದಲೇ ಈ ವಾದವು ಇಷ್ಟು ವರ್ಷ ಬಗೆಹರಿಯದೆ ಉಳಿದಿದೆ.

ಹಾಗಾದರೆ ಅವರಿಗೆ ಸಲ್ಲಬೇಕಾದುದೇನು? ನಮ್ಮ ಅಲ್ಪಮತಿಗೆ ತೋರುವಂತೆ ಮೂರು. ಮೊದಲನೆಯದು ಗಡಿ. ಏನನ್ನು ತಾವೇ ಮಾಡಬಹುದು, ಏನನ್ನು ಕೇಳಿ ಮಾಡಬೇಕು, ಏನನ್ನು ಮುಟ್ಟಲೇಬಾರದು ಎಂಬುದು ಬರೆಹದಲ್ಲಿರಬೇಕು. ಎರಡನೆಯದು ನಂಟು. ಕರೆದಾಗ ಓಗೊಡುವ ವೈದ್ಯನೊಬ್ಬನಿರಬೇಕು. 2020ರ ಮಾರ್ಚಿಯಲ್ಲಿ ಹೊರಟ ದೂರವೈದ್ಯದ ಮಾರ್ಗಸೂಚಿಯು ಆರೋಗ್ಯ ಕಾರ್ಯಕರ್ತರಿಗೆ ವೈದ್ಯನು ದೂರದಿಂದಲೇ ಸಲಹೆ ಕೊಡುವುದಕ್ಕೆ ಸ್ಥಾನವನ್ನು ಕಲ್ಪಿಸಿದೆ. ಮೂರನೆಯದು ಆಸರೆ. ಗಡಿಯೊಳಗೆ ನಿಂತು ಪ್ರಾಮಾಣಿಕವಾಗಿ ಮಾಡಿದ ಕೆಲಸದಲ್ಲಿ ಫಲವು ಕೈತಪ್ಪಿದರೆ, ಅವರನ್ನು ಒಂಟಿಯಾಗಿ ಜನರ ಸಿಟ್ಟಿಗೆ ಒಪ್ಪಿಸಬಾರದು. ಅರಿವಿಗೆ ತಕ್ಕ ಅಧಿಕಾರ, ಅಧಿಕಾರಕ್ಕೆ ತಕ್ಕ ಹೊಣೆ, ಹೊಣೆಗೆ ತಕ್ಕ ಆಸರೆ: ಇವುಗಳಲ್ಲಿ ಒಂದು ತಪ್ಪಿದರೂ ಉಳಿದವು ನಿಲ್ಲಲಾರವು.

ಇದು ಬರಿಯ ಆಶಯವಲ್ಲ. ನಡೆಯಬಲ್ಲುದೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರನ್ನು ಬಿಟ್ಟಾಗ ಕಂಪ್ಲಿ ಗಂಗಾವತಿಗಳ ನಡುವಣ ಸೇತುವೆಯು ಮುಳುಗಿ ಸಂಚಾರವು ನಿಲ್ಲುವುದನ್ನು ಈ ಭಾಗದವರೆಲ್ಲ ಬಲ್ಲರು. ಕೆಲವು ವರ್ಷಗಳ ಹಿಂದೆ ಅಂತಹುದೇ ಒಂದು ರಾತ್ರಿ ಮಠದ ಗದ್ದೆಗೆ ನೀರು ಕಟ್ಟಲು ಹೋಗಿದ್ದ ಆಳುಮಗನಿಗೆ ಹಾವು ಕಡಿಯಿತು. ಆರೋಗ್ಯ ಕೇಂದ್ರದಲ್ಲಿ ಈ ಸಾರಿಯೂ ಒಬ್ಬ ಯುವ ಶುಶ್ರೂಷಕಿಯೇ ಇದ್ದಳು. ಆಕೆ ದೂರವಾಣಿಯಲ್ಲಿ ವೈದ್ಯರನ್ನು ಹಿಡಿದು, ಅವರು ಕೇಳಿದುದಕ್ಕೆ ಉತ್ತರ ಹೇಳುತ್ತ, ನಳಿಗೆಯಲ್ಲಿ ರಕ್ತವನ್ನಿಟ್ಟು ಗಡಿಯಾರವನ್ನು ನೋಡುತ್ತ ಕುಳಿತಳು. "ಬೇಗ ಹಾಕವ್ವ, ಬೇಗ ಹಾಕು" ಎಂದು ಜನ ಗದ್ದಲ ಮಾಡಿದರು. "ಇನ್ನ ಆರು ನಿಮಿಷ ಐತಿ ಅಣ್ಣ" ಎಂದಷ್ಟೇ ಹೇಳಿ ಆಕೆ ಕದಲಲಿಲ್ಲ. ರಕ್ತವು ಹೆಪ್ಪುಗಟ್ಟಿರಲಿಲ್ಲ. ವೈದ್ಯರ ಮಾತಿನಂತೆ ಪ್ರತಿವಿಷವನ್ನು ಆರಂಭಿಸಿದಳು. 108 ವಾಹನ ಬಂದಾಗ ಅದರ ತಂತ್ರಜ್ಞನಿಗೆ ಎಷ್ಟು ಗಂಟೆಗೆ ಏನು ಕೊಟ್ಟೆನೆಂದು ಚೀಟಿಯಲ್ಲಿ ಬರೆದು ಕೊಟ್ಟಳು. ಆ ಮನುಷ್ಯನು ಇಂದಿಗೂ ಮಠದ ಗದ್ದೆಯಲ್ಲಿ ದುಡಿಯುತ್ತಿದ್ದಾನೆ.

ಇಪ್ಪತ್ತೈದು ವರ್ಷಗಳ ಹಿಂದಿನ ನರ್ಸಮ್ಮನಿಗೂ ಈ ಹುಡುಗಿಗೂ ಅರಿವಿನಲ್ಲಿ ಬಹಳ ಭೇದವಿರಲಿಲ್ಲವೆಂದೇ ನಮ್ಮ ನಂಬುಗೆ. ಭೇದವಿದ್ದುದು ಆಕೆಯ ಸುತ್ತ ಕಟ್ಟಿದ ವ್ಯವಸ್ಥೆಯಲ್ಲಿ. 108ರ ಆರೋಗ್ಯ ಕವಚವು ನಮ್ಮ ರಾಜ್ಯದಲ್ಲಿ ಆರಂಭವಾದದ್ದು 2008ರ ನವೆಂಬರಿನಲ್ಲಿ. ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳು ಬರತೊಡಗಿದ್ದು 2018ರ ಆಯುಷ್ಮಾನ್ ಭಾರತ ಯೋಜನೆಯ ಅನಂತರ. ಬಯಲುಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರಕಾರದ ಲೆಕ್ಕ. ಕಟ್ಟಡವನ್ನು ಸರಕಾರ ಕಟ್ಟಬಲ್ಲುದು. ಒಳಗಿರುವವರಿಗೆ ಧೈರ್ಯವನ್ನು ಕೊಡಬೇಕಾದವರು ಊರವರು.

ಆದುದರಿಂದ ಭಕ್ತರಲ್ಲಿ ನಮ್ಮ ಕೆಲವು ಬಿನ್ನಹಗಳು. ಹಾವು ಕಡಿದಾಗ ಬಿಗಿಯಾಗಿ ಹಗ್ಗ ಕಟ್ಟುವುದು, ಗಾಯವನ್ನು ಕೊಯ್ಯುವುದು, ಮಂತ್ರಕ್ಕೆಂದು ಮಠಕ್ಕೆ ತರುವುದು ಇವನ್ನು ಬಿಡಿರಿ. ಕಡಿದ ಅಂಗವನ್ನು ಅಲುಗಾಡಿಸದೆ ನೇರವಾಗಿ ಆರೋಗ್ಯ ಕೇಂದ್ರಕ್ಕೆ ಒಯ್ಯಿರಿ. ಇದನ್ನು ಮಠದ ಸ್ವಾಮಿಗಳಾಗಿ ನಾವೇ ಹೇಳುತ್ತಿದ್ದೇವೆ. ಅಲ್ಲಿರುವವರು "ಇದು ನನ್ನಿಂದಾಗದು, ಮುಂದೆ ಒಯ್ಯಿರಿ" ಎಂದರೆ ಅದನ್ನು ಅಸಡ್ಡೆಯೆಂದು ತಿಳಿಯಬೇಡಿರಿ. ಅದು ಅವರ ವಿದ್ಯೆಯ ಅತ್ಯಂತ ಬೆಲೆಯುಳ್ಳ ಭಾಗ. ಸುಮ್ಮನೆ ಗ್ಲೂಕೋಸು ಹಾಕೆಂದು ಪೀಡಿಸಬೇಡಿರಿ. ಜೀವವು ಉಳಿಯದಿದ್ದಾಗ ಕೈ ಮಾಡಬೇಡಿರಿ. ಮಕ್ಕಳನ್ನು ಬರಿಯ ನೆಲದ ಮೇಲೆ ಮಲಗಿಸಬೇಡಿರಿ. ನಮ್ಮ ಪ್ರಸಾದನಿಲಯಗಳಲ್ಲಿ ಈಗ ಎಲ್ಲ ಮಕ್ಕಳಿಗೂ ಮಂಚವಿದೆ, ಸೊಳ್ಳೆಪರದೆಯಿದೆ. ಆ ಬಾಲಕನು ನಮಗೆ ಕಲಿಸಿ ಹೋದ ಪಾಠವದು.

ವೈದ್ಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಬೇರೆಯೇ ಒಂದು ಬೇಡಿಕೆ. ಹನ್ನೆರಡನೆಯ ಶತಮಾನದ ಶರಣರ ನಡುವೆ ಸಂಗಣ್ಣನೆಂಬ ವೈದ್ಯನೂ ಇದ್ದನು. ಅಂಬಿಗನೂ ಮಡಿವಾಳನೂ ಅವನೊಡನೆ ಸರಿಸಮನಾಗಿ ಕುಳಿತರು. ನಿಮಗಿಂತ ಕಡಮೆ ಕಲಿತವರ ದೂರವಾಣಿಯ ಕರೆಯು ನಡುರಾತ್ರಿ ಬಂದಾಗ ಸಿಡುಕದೆ ಓಗೊಡುವುದು ಇಂದಿನ ದಾಸೋಹ. ನಿಮ್ಮ ಅರ್ಧ ನಿಮಿಷದ ಸಿಡುಕು ಅವರ ಬಾಯನ್ನು ಕಟ್ಟುತ್ತದೆ. ಮುಂದಿನ ಸಾರಿ ಅವರು ಕೇಳದೆಯೇ ಮಾಡುತ್ತಾರೆ, ಇಲ್ಲವೆ ಮಾಡದೆಯೇ ಕಳಿಸುತ್ತಾರೆ. ಎರಡೂ ಅಪಾಯವೇ.

ಕೊನೆಯದಾಗಿ ಒಂದು ಮಾತು. ಆ ನರ್ಸಮ್ಮ ನಿವೃತ್ತರಾದ ಬಳಿಕ ಒಮ್ಮೆ ಜಾತ್ರೆಗೆ ಬಂದಿದ್ದರು. ನಾವು ಅವರನ್ನು ಕೂಡಿಸಿಕೊಂಡು ಅಂದಿನ ಮಾತಿಗಾಗಿ ಕ್ಷಮೆ ಬೇಡಿದೆವು. ಆಕೆ ಬಹಳ ಹೊತ್ತು ಸುಮ್ಮನಿದ್ದು, "ಅಪ್ಪಾರೆ, ತಪ್ಪು ನಿಮ್ಮದೊಂದ ಅಲ್ಲ. ನೀವು ಬ್ಯಾಡ ಅಂದಾಗ ನನಗೂ ಒಳಗ ನಿರಾಳ ಆಗಿತ್ತು" ಎಂದು ಕಣ್ಣೊರೆಸಿಕೊಂಡರು. ಹೊಣೆಯು ತನ್ನಿಂದ ತಪ್ಪಿತೆಂಬ ನಿರಾಳವದು. ಅಧಿಕಾರವಿಲ್ಲದವರಿಗೆ ಆ ನಿರಾಳವು ಸಹಜ. ಅವರನ್ನು ಆ ಸ್ಥಿತಿಯಲ್ಲಿಟ್ಟವರು ನಾವು. ಅಂತಹ ನಿರಾಳವು ಇನ್ನಾವ ಶುಶ್ರೂಷಕಿಗೂ ಬೇಕಾಗದಂತೆ, ಇನ್ನಾವ ತಾಯಿಯ ಮಗನೂ ದಾರಿಯಲ್ಲಿ ಉಸಿರು ಬಿಡದಂತೆ ನಡೆದುಕೊಳ್ಳುವ ಸನ್ಮತಿಯನ್ನು ಪರಶಿವನು ನಮಗೆಲ್ಲರಿಗೂ ಕರುಣಿಸಲೆಂದು ಹಾರೈಸುತ್ತೇವೆ.